ಕಣ್ಣೂರಿಗೆ ಹೋಗಿ ಬರುವ ಮಾತು

"ಹಲೋ… ಹಲೋ, ಯಾರು ಮಾತಾಡೋದು?… ಸ್ವಲ್ಪ ಜೋರಾಗಿ ಹೇಳಿ, ಮಿಷನ್ ಓಡ್ತಾ ಇದೆ… ಯಾರು?… ಒಂದ್ನಿಮಿಷ ಇರಿ, ಆಫ್ ಮಾಡ್ತೀನಿ."

ತನುಜಾ ಕೈ ಚಾಚಿ ಸ್ವಿಚ್ ಒತ್ತಿದಳು. ಕಾಫಿಬೀಜ ಪುಡಿ ಮಾಡುವ ಯಂತ್ರ ಒಂದೆರಡು ಸಲ ಗೊಣಗಿ ಸುಮ್ಮನಾಯಿತು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ 'ಏಕಾಂತಪ್ಪ ಕಾಫಿ ವರ್ಕ್ಸ್' ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅವಳ ಮಾವ ಏಕಾಂತಪ್ಪನವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಬೋರ್ಡಿನ ಮಟ್ಟಿಗೆ ಇನ್ನೂ ಅವರೇ ವ್ಯಾಪಾರ ನಡೆಸುತ್ತಿದ್ದಾರೆ.

"ಹಾಂ, ಈಗ ಹೇಳಿ… ಸೌಂದರ್ಯನಾ? ಇದ್ಯಾವುದೇ ಹೊಸ ನಂಬರು?… ಓ, ಕ್ಲಿನಿಕ್ಕಿನ ಫೋನಾ. ನಿಂದೆಂತಾಯ್ತು?… ಚಾರ್ಜ್ ಇಲ್ವಾ. ಸರಿ ಬಿಡು. ನಾನು ಯಾರೋ ಗಿರಾಕಿ ಅಂದ್ಕೊಂಡು ನೀವು ತಾವು ಅಂತಿದ್ದೀನಿ. ಧ್ವನಿ ಯಾಕೆ ಹಾಗಿದೆ, ನೆಗಡಿಯಾ?… ಅಲ್ವಾ? ಮತ್ತೆ?…"

"ಇಲ್ಲ ಮಾರಾಯ್ತಿ, ನಿಮ್ಮಣ್ಣ ಇಲ್ಲ. ಹುರಿಯೋ ಡ್ರಮ್ಮಿನ ಬೆಲ್ಟ್ ಹೋಗಿದೆ, ತರೋಕೆ ಅಂತ ಚಿಕ್ಕಮಗಳೂರಿಗೆ ಹೋದ್ರು. ಬರೋದು ಸಂಜೆಯಾಗುತ್ತೆ… ಸಿಂಚನಾ ಸ್ಕೂಲಿಂದ ಬರೋದು ನಾಲ್ಕಕ್ಕೆ, ಇನ್ನೂ ಅರ್ಧ ಗಂಟೆ ಇದೆ… ಅವಳಿಗಲ್ವಾ? ನನಗೇ ಮಾಡಿದ್ದಾ? ಹೇಳು ಮತ್ತೆ."

ಸೌಂದರ್ಯ ಅಂದರೆ ತನುಜಾಳ ನಾದಿನಿ, ಗಂಡ ಮಲ್ಲೇಶನ ಒಬ್ಬಳೇ ತಂಗಿ. ಮಂಗಳೂರಿನಲ್ಲಿ ಒಂದು ಸಣ್ಣ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಗಂಡ ಪ್ರಸನ್ನಕುಮಾರ್ ಬಂದರಿನ ಕಡೆ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಎರಡು ವರ್ಷದ ಹಿಂದೆ ಇಬ್ಬರಿಗೂ ರಾತ್ರಿ ಪಾಳಿ ಬಿದ್ದಾಗ, ಮಗಳು ಸಿಂಚನಾಳನ್ನು ಆರು ತಿಂಗಳ ಮಟ್ಟಿಗೆ ಅಂತ ಅತ್ತಿಗೆಯ ಕೈಗೆ ಒಪ್ಪಿಸಿ ಹೋದರು. ಆರು ತಿಂಗಳು ಎರಡು ವರ್ಷವಾಯಿತು. ಈಗ ಸೌಂದರ್ಯಳಿಗೆ ಹಗಲು ಪಾಳಿ. ಜೂನ್ ತಿಂಗಳಲ್ಲಿ ಮೂರನೇ ಕ್ಲಾಸಿಗೆ ಮಗಳನ್ನು ಮಂಗಳೂರಿನ ಸ್ಕೂಲಿಗೆ ಸೇರಿಸುವುದು ಅಂತ ಮಾತಾಗಿತ್ತು. ಅಷ್ಟರಲ್ಲಿ ಕೇರಳದ ಈ ಕಣ್ಣೂರಿನ ಕೆಲಸ ಬಂತು.

"ಆಸ್ಪತ್ರೆಯವ್ರು ಫೋನ್ ಮಾಡಿದ್ರಾ… ಐದು ಗಂಟೆ ಒಳಗೆ ಹೇಳ್ಬೇಕಾ? ಇವತ್ತೇನಾ?… ಹಾಂ… ಹಾಂ… ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತಾರಂತಾ. ಅಲ್ವಾ ಮತ್ತೆ, ಅವ್ರು ಎಷ್ಟು ದಿನ ಅಂತ ಕಾಯ್ತಾರೆ?… ಪ್ರಸನ್ನ ಎಂತ ಹೇಳ್ತಾರೆ?… ನಿನ್ನಿಷ್ಟ ಅಂದ್ರಾ. ಗಂಡಸ್ರಿಗೆ ಅದೊಂದು ಸುಲಭ ನೋಡು, ನಿನ್ನಿಷ್ಟ ಅಂದ್ಬಿಟ್ಟು ಪೇಪರ್ ಓದ್ತಾ ಕೂರೋದು."

ತನುಜಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಗಲ್ಲಾ ಮೇಜಿನ ಮೇಲೆ ಸ್ಟೀಲಿನ ಡಬ್ಬವೊಂದು ಕಾಯುತ್ತಿತ್ತು. ಬಾಳೂರಿನ ಸೋಮಶೇಖರಪ್ಪನವರದು. ಸ್ವಂತ ತೋಟದಲ್ಲಿ, ಮನೆ ಪಕ್ಕದ ಹಳೇ ಅರೇಬಿಕಾ ಗಿಡಗಳಿಂದ ತಾವೇ ನಿಂತು ಕೊಯ್ಯಿಸಿ, ಅಂಗಳದಲ್ಲಿ ಒಣಗಿಸಿ ತಂದ ಎರಡು ಕೆಜಿ ಬೀಜ. ಬೆಳಿಗ್ಗೆ ಮಲ್ಲೇಶ ಹುರಿದಿಟ್ಟು ಹೋಗಿದ್ದ, ಬೆಲ್ಟ್ ಹರಿದದ್ದು ಆಮೇಲೆ. ಈಗ ಪುಡಿಯಾಗಿ ಡಬ್ಬಕ್ಕೆ ಬಿದ್ದಿತ್ತು. ಸೋಮಶೇಖರಪ್ಪನವರು ಗೊಬ್ಬರದ ಅಂಗಡಿಗೆ ಹೋಗಿ ಬರುತ್ತೇನೆ ಅಂದಿದ್ದರು.

ಈ ಅಂಗಡಿಯಲ್ಲಿ ಒಂದು ಪದ್ಧತಿ. ಹಳೇ ಗಿರಾಕಿಗಳು ಯಾರೂ ಚಿಕೋರಿ ಎಷ್ಟು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ಯಾವ ಮನೆಗೆ ಎಷ್ಟು ಅನ್ನುವುದು ಅಂಗಡಿಯವರ ತಲೆಯಲ್ಲಿರಬೇಕು. ಮೇಷ್ಟ್ರ ಮನೆಗೆ ಕಾಫಿ ಎಪ್ಪತ್ತು, ಚಿಕೋರಿ ಮೂವತ್ತು. ಡಾಕ್ಟರ ಮನೆಗೆ ಎಂಬತ್ತು ಇಪ್ಪತ್ತು. ಸೋಮಶೇಖರಪ್ಪನವರ ಮನೆಗೆ ಮಾತ್ರ ಚಿಕೋರಿಯ ಗಾಳಿಯೂ ತಾಗಬಾರದು. ಇಪ್ಪತ್ತೊಂದು ವರ್ಷದಲ್ಲಿ ತನುಜಾ ಈ ಲೆಕ್ಕ ಒಂದು ಸಲವೂ ತಪ್ಪಿದವಳಲ್ಲ.

"ನೋಡು, ನಾನು ಮೊದಲೇ ಹೇಳಿದ್ದೀನಿ. ಪರ್ಮನೆಂಟ್ ಕೆಲಸ. ದೊಡ್ಡ ಆಸ್ಪತ್ರೆ. ಈ ಕ್ಲಿನಿಕ್ಕಲ್ಲಿ ನಿಂಗೆ ಎಂತ ಇದೆ? ನಾಳೆ ಬರ್ಬೇಡ ಅಂದ್ರೆ ಮುಗೀತು… ದೂರ ದೂರ ಅಂತೀಯ. ಏನ್ ಮಹಾ ದೂರ? ತಲಪಾಡಿ ದಾಟಿದ್ರೆ ಕೇರಳ, ಅಲ್ವಾ… ಗೊತ್ತು, ಕಣ್ಣೂರು ತಲಪಾಡಿ ಪಕ್ಕ ಅಲ್ಲ ಅಂತ ಗೊತ್ತು. ಆದ್ರೂ ಟ್ರೈನು ಕಣೇ, ಕೂತ್ರೆ ಆಯ್ತು. ನಾವು ಇಲ್ಲಿಂದ ಕಳಸಕ್ಕೆ ಹೋಗಿ ಬಂದ್ರೆ ಸೊಂಟ ಬೇರೆ ಕಾಲು ಬೇರೆ ಆಗಿರುತ್ತೆ. ನಿಂಗೆ ತಿರುವು ಇಲ್ಲ, ವಾಂತಿ ಇಲ್ಲ…"

"ಎಷ್ಟು ಗಂಟೆಗೆ?… ಐದೂಕಾಲಿನ ಟ್ರೈನು. ಹಾಗಾದ್ರೆ ಮನೆ ಬಿಡೋದು ನಾಲ್ಕೂವರೆಗೆ… ಏಳೋದು ಮೂರೂವರೆಗಾ? ಅಡುಗೆ ರಾತ್ರಿನೇ ಮಾಡಿಟ್ರೆ ನಾಲ್ಕಕ್ಕೆ ಎದ್ರೆ ಸಾಕಲ್ವಾ?… ಹಾಂ… ಸಂಜೆ ಐದೂವರೆಗೆ ಬಿಟ್ರೆ ಮನೆಗೆ ಎಂಟೂವರೆ… ಒಂಬತ್ತಾ?… ಲೇಟಾದ್ರೆ ಒಂಬತ್ತೂವರೆ. ಹೂಂ."

ಬಾಯಿ ಹೂಂಗುಡುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎಡಗಡೆಯ ದೊಡ್ಡ ಡಬ್ಬದ ಮುಚ್ಚಳ ತೆಗೆಯಿತು. ಒಂದು ಸೌಟು, ಎರಡು ಸೌಟು, ಮೂರು ಸೌಟು. ಉದ್ದದ ಮರದ ಸಟ್ಟುಗದಿಂದ ಡಬ್ಬದಲ್ಲಿದ್ದದ್ದನ್ನೆಲ್ಲ ತಿರುವಿ ತಿರುವಿ ಹದ ಮಾಡಿತು. ತನುಜಾಳ ಕಣ್ಣು ಮಾತ್ರ ಗೋಡೆಯ ಮೊಳೆಗೆ ನೇತುಹಾಕಿದ್ದ ಸಣ್ಣ ಹಸಿರು ಕೊಡೆಯ ಮೇಲಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೇಕಾದರೂ ಬರಬಹುದು ಅಂತ ಸಿಂಚನಾಳಿಗೆ ಮೊನ್ನೆ ತಾನೇ ಹೋಗಿ ತಂದ ಕೊಡೆ.

"ಇಲ್ಲ, ಕೇಳಿಸ್ಕೊಳ್ತಾ ಇದ್ದೀನಿ, ಹೇಳು… ಬಂದ್ ಆದ್ರಾ? ಕೇರಳದ ಬಂದ್ ದಿನ ಟ್ರೈನ್ ಸಿಕ್ರೂ ಸ್ಟೇಷನ್ನಿಂದ ಆಟೋ ಸಿಗಲ್ಲ ಅಂತೀಯಾ. ನಮ್ಮ ಬಂದ್ ದಿನ ಮಂಗಳೂರಲ್ಲಿ ಸಿಗಲ್ಲ. ಎರಡೂ ರಾಜ್ಯದ ಬಂದು ನಿನ್ನ ತಲೆ ಮೇಲೇನೇ… ರಜೆ ಎಂತ ಮಾಡ್ತಾರೆ? ಓಣಂಗೆ ಕೊಡ್ತಾರೆ, ಗೌರಿಹಬ್ಬಕ್ಕೆ ಇಲ್ವಾ?… ದಸರಾ ರಜೆಗೆ?… ಅದೂ ಇಲ್ಲ. ಇರ್ಲಿ ಬಿಡು. ಸಿಂಚನಾ ರಜೆ ಬಗ್ಗೆ ನೀನು ತಲೆ ಕೆಡಿಸ್ಕೋಬೇಡ, ಅವಳು ಇಲ್ಲಿ ಆರಾಮಾಗಿರ್ತಾಳೆ…"

"ಕಣ್ಣೂರಲ್ಲೇ ಹಾಸ್ಟೆಲಾ? ವಾರಕ್ಕೊಮ್ಮೆ ಬರೋದಾ?… ಅಯ್ಯೋ, ಪ್ರಸನ್ನ ಒಬ್ರೇ ಎಂತ ಮಾಡ್ತಾರೆ, ಅವ್ರಿಗೆ ಚಾ ಕಾಯಿಸೋಕೂ ಬರಲ್ಲ. ಹೋಗಿ ಬಂದು ಮಾಡೋದೇ ಒಳ್ಳೇದು. ಎಷ್ಟು ಹೆಂಗಸ್ರು ಮಾಡ್ತಾರೆ. ನಾನು ನೋಡಿದ್ನಲ್ಲ ಅವತ್ತು ಟ್ರೈನಲ್ಲಿ, ಬೀನ್ಸ್ ಬಿಡಿಸ್ಕೊಂಡು ಹರಟೆ ಹೊಡ್ಕೊಂಡು ಎಷ್ಟು ಖುಷಿಯಾಗಿದ್ರು. ನಾನೇ ನಿಂಗೆ ಹೇಳ್ಲಿಲ್ವಾ?"

ಹೇಳಿದ್ದು ಹೌದು. ಫೆಬ್ರವರಿಯಲ್ಲಿ ಸೌಂದರ್ಯ ಇಂಟರ್‌ವ್ಯೂಗೆ ಹೋದಾಗ ಜೊತೆಗೆ ಹೋದವಳು ತನುಜಾಳೇ. ಸಂಜೆ ವಾಪಸು ಬರುವಾಗ ಹೆಂಗಸರ ಬೋಗಿ ತುಂಬ ಕೆಲಸ ಮುಗಿಸಿ ಹೊರಟವರು. ಅವಳು ಕಂಡದ್ದರಲ್ಲಿ ಅರ್ಧವನ್ನು ನಾದಿನಿಗೆ ಹೇಳಿದ್ದಳು. ಉಳಿದರ್ಧವನ್ನು ಒಂದು ತಿಂಗಳಿನಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಯಾಕೆ ಅಂತ ಕೇಳಿದರೆ ಅವಳಿಗೆ ಉತ್ತರ ಚೆನ್ನಾಗಿಯೇ ಗೊತ್ತಿತ್ತು. ಸೌಂದರ್ಯ ಕ್ಲಿನಿಕ್ಕಿನಲ್ಲೇ ಉಳಿದರೆ ಜೂನ್‌ನಲ್ಲಿ ಸಿಂಚನಾ ಮಂಗಳೂರಿಗೆ ಹೋಗುತ್ತಾಳೆ. ಕಣ್ಣೂರಿಗೆ ಹೋದರೆ ಸಿಂಚನಾ ಇಲ್ಲಿಯೇ ಇರುತ್ತಾಳೆ. ಮದುವೆಯಾಗಿ ಇಪ್ಪತ್ತೊಂದು ವರ್ಷ ಮಕ್ಕಳಿಲ್ಲದೆ ಕಳೆದವಳು, ಈ ಎರಡು ವರ್ಷದಲ್ಲಿ ಬೆಳಿಗ್ಗೆ ಜಡೆ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಳು. ಆ ಜಡೆ ಇಲ್ಲದ ಬೆಳಗು ಹೇಗಿರುತ್ತದೆ ಎಂದು ನೆನೆದರೆ ಅವಳಿಗೆ ಹೆದರಿಕೆಯಾಗುತ್ತಿತ್ತು.

"ಹಾಂ?… ನಾನು ಹೇಳಿದ ಹಾಗೆ ಮಾಡ್ತೀಯಾ?… ನಾನೆಂತ ಹೇಳೋದು, ನೀನು ಓದಿದವಳು… ಅಲ್ಲ, ಹೇಳಲ್ಲ ಅಂತಲ್ಲ… ಹೋಗು ಅಂತಾನೇ ನಾನು ಹೇಳೋದು. ಹೂಂ ಅಂದ್ಬಿಡು ಅವ್ರಿಗೆ. ಒಂದು ವರ್ಷ ನೋಡು, ಆಗ್ದಿದ್ರೆ—"

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸೋಮಶೇಖರಪ್ಪನವರು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ತನುಜಾ ಡಬ್ಬದ ಮುಚ್ಚಳ ಹಾಕಲು ಹೋದಳು. ಹೋದ ಕೈ ಅಲ್ಲೇ ನಿಂತಿತು. ಎಡಗಡೆಯ ಚಿಕೋರಿ ಡಬ್ಬ ಬಾಯಿ ತೆರೆದುಕೊಂಡಿತ್ತು. ಸೌಟು ಅದರಲ್ಲೇ ನೆಟ್ಟಗೆ ನಿಂತಿತ್ತು.

"ಸೌಂದರ್ಯ, ಒಂದ್ನಿಮಿಷ. ಇಡಬೇಡ, ಹಾಗೇ ಇರು."

ಮುಚ್ಚಳ ಒತ್ತಿ ಕೊಟ್ಟುಬಿಟ್ಟಿದ್ದರೆ ಆ ಹೊತ್ತಿಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಬಾಳೂರಿನಲ್ಲಿ ಡಿಕಾಕ್ಷನ್ ಇಳಿದ ಮೇಲೆ ಗೊತ್ತಾಗುವುದು. ಆಗಲೂ, ಬೀಜ ಹುರಿದದ್ದು ಹೆಚ್ಚಾಯಿತೇನೋ ಅಂತ ಸಾಗಹಾಕಬಹುದಿತ್ತು. ತನುಜಾ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಅವರ ಮುಖ ನೋಡಿದಳು.

"ಅಣ್ಣಾವ್ರೇ, ತಪ್ಪಾಗೋಯ್ತು. ನಿಮ್ಮ ಪುಡಿಗೆ ಚಿಕೋರಿ ಹಾಕ್ಬಿಟ್ಟೆ. ಮೂರು ಸೌಟು. ಕಲಸೂಬಿಟ್ಟೆ."

ಸೋಮಶೇಖರಪ್ಪನವರು ಬಗ್ಗಿ ಡಬ್ಬದ ವಾಸನೆ ನೋಡಿದರು. ಒಂದು ಚಿಟಿಕೆ ತೆಗೆದು ಅಂಗೈ ಮೇಲೆ ಉಜ್ಜಿದರು. ನಗಲೂ ಇಲ್ಲ, ಕೂಗಾಡಲೂ ಇಲ್ಲ. "ವಸ್ತಾರೇಲಿರೋ ಅಕ್ಕನ ಮನೆಗೆ ಅಂತ ಮಾಡ್ಸಿದ್ದೆ," ಎಂದರು. ಆಮೇಲೆ ಗೋಡೆಯ ಮೇಲಿದ್ದ ಏಕಾಂತಪ್ಪನವರ ಫೋಟೋ ಕಡೆ ನೋಡಿ, "ಅವ್ರಿದ್ದಾಗ ಹಿಂಗಾಗ್ತಿರ್ಲಿಲ್ಲ," ಎಂದರು. ಡಬ್ಬವನ್ನು ಅಲ್ಲೇ ಬಿಟ್ಟು, ಶುಕ್ರವಾರ ಬೇರೆ ಬೀಜ ತರುತ್ತೇನೆ, ಇದನ್ನು ಯಾರಿಗಾದರೂ ಕೊಡು ಎಂದು ಹೇಳಿ ಇಳಿದು ಹೋದರು. ತನುಜಾಳಿಗೆ ಮುಖವೆಲ್ಲ ಬಿಸಿಯಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹಲೋ… ಇದ್ದೀಯಾ?… ಏನಿಲ್ಲ, ಬಾಳೂರಿನ ಸೋಮಶೇಖರಪ್ಪನವ್ರು. ಅವ್ರ ಪುಡಿಗೆ ಚಿಕೋರಿ ಹಾಕ್ಬಿಟ್ಟೆ… ಹೂಂ, ನಾನೇ… ನಗು, ನಗು. ನಿಮ್ಮಣ್ಣಂಗೆ ಗೊತ್ತಾದ್ರೆ ಅವ್ರೂ ನಗ್ತಾರೆ… ಇಲ್ಲ, ಹೇಳ್ದೆ. ಹಾಕಿದ್ದೀನಿ ಅಂತ ಹೇಳ್ದೆ. ಹೇಳ್ದೆ ಇರೋಕೆ ಆಗ್ಲಿಲ್ಲ…"

ಸ್ಟೂಲಿನ ಮೇಲೆ ಕೂತಳು. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

"ಸೌಂದರ್ಯ… ಅವತ್ತು ವಾಪಸ್ ಬರೋವಾಗ ನೀನು ನಿದ್ದೆ ಮಾಡಿದ್ಯಲ್ಲ, ನೆನಪಿದ್ಯಾ?… ಹೌದು, ಕಾಸರಗೋಡು ದಾಟೋವರೆಗೂ. ನನ್ನ ಪಕ್ಕ ಒಬ್ಳು ಕೂತಿದ್ಲು, ನೀಲಿ ಸೀರೆ, ಬೀನ್ಸ್ ಬಿಡಿಸ್ತಾ ಇದ್ಲು… ಅವಳೇ. ನಾನು ಖುಷಿಯಾಗಿದ್ಲು ಅಂದ್ನಲ್ಲ, ಅವಳೇ. ಖುಷಿಯಾಗಿರ್ಲಿಲ್ಲ ಕಣೇ. ಬೀನ್ಸ್ ಬಿಡಿಸ್ತಾ ಬಿಡಿಸ್ತಾ ತೂಕಡಿಸ್ತಾ ಇದ್ಲು. ಎರಡು ಸಲ ಚೀಲ ಕಾಲಿಂದ ಜಾರಿ ಬಿತ್ತು, ನಾನೇ ಎತ್ತಿಕೊಟ್ಟೆ…"

"ಮಂಗಳೂರಿನವಳೇ, ನಿನ್ನ ಹಾಗೇ. ಒಂಬತ್ತು ವರ್ಷದಿಂದ ಕಣ್ಣೂರಿಗೆ ಹೋಗಿ ಬರ್ತಾಳೆ. ಎಂತದೋ ಆಫೀಸು… ಒಬ್ಬ ಮಗ ಇದ್ದಾನಂತೆ. 'ನಾನು ಹೊರಡೋವಾಗ್ಲೂ ಮಲಗಿರ್ತಾನೆ, ಬರೋವಾಗ್ಲೂ ಮಲಗಿರ್ತಾನೆ, ಭಾನುವಾರ ಒಂದಿನ ಎಚ್ಚರ ಇರೋದನ್ನ ನೋಡ್ತೀನಿ' ಅಂದ್ಲು. ಅಳ್ತಾ ಹೇಳ್ಲಿಲ್ಲ, ಸುಮ್ನೆ ಹೇಳಿದ್ಲು. ಒಂದಿನ ಅಂಗಡೀಲಿ ಮಗನಿಗೆ ಶೂ ತಗೊಳೋಕೆ ಹೋದ್ಲಂತೆ. ಎಷ್ಟು ನಂಬರ್ ಅಂತ ಕೇಳಿದ್ರೆ ಗೊತ್ತಿರ್ಲಿಲ್ವಂತೆ. ಹಾಗೇ ವಾಪಸ್ ಬಂದ್ಲಂತೆ…"

"ಹೂಂ. ಯಾಕೆ ಅವತ್ತೇ ಹೇಳ್ಲಿಲ್ಲ ಅಂತ ಕೇಳ್ತೀಯ. ಕೇಳು, ಕೇಳ್ಬೇಕಾದ್ದೇ… ನೀನು ಕಣ್ಣೂರಿಗೆ ಹೋದ್ರೆ ಸಿಂಚನಾ ನನ್ನ ಹತ್ರ ಇರ್ತಾಳೆ. ಅಷ್ಟೇ. ಬೇರೆ ಎಂತ ಕಾರಣನೂ ಇಲ್ಲ. ನಿನ್ನ ಕೆಲಸ, ಪರ್ಮನೆಂಟು, ದೊಡ್ಡ ಆಸ್ಪತ್ರೆ ಅಂತೆಲ್ಲ ಹೇಳಿದ್ನಲ್ಲ, ಅದ್ಯಾವುದೂ ನಿಂಗೋಸ್ಕರ ಹೇಳಿದ್ದಲ್ಲ…"

"ಬೈದ್ಬಿಡು ಮಾರಾಯ್ತಿ…"

ಆ ಕಡೆಯಿಂದ ಬಂದದ್ದು ಬೈಗುಳವಲ್ಲ. ತನುಜಾ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಅವಳ ಕೈಬೆರಳುಗಳಲ್ಲಿ ಚಿಕೋರಿಯ ಕಂದು ಹಾಗೇ ಅಂಟಿತ್ತು. ಸೆರಗಿಗೆ ಒರೆಸಿಕೊಂಡಳು, ಹೋಗಲಿಲ್ಲ.

"ಇಲ್ಲ, ಹೋಗ್ಬೇಡ ಅಂತ ಈಗ್ಲೂ ನಾನು ಹೇಳಲ್ಲ. ಹೋಗು ಅಂದಿದ್ನಲ್ಲ, ಅದನ್ನ ವಾಪಸ್ ತಗೋತೀನಿ. ಅಷ್ಟು ಮಾತ್ರ. ತೂಗಿ ನೋಡೋದು ನೀನು. ನನ್ನ ತಕ್ಕಡಿ ಸರಿ ಇಲ್ಲ… ಮನೆ ನಡೀಬೇಕು, ನಂಗೂ ಗೊತ್ತು. ಕ್ಲಿನಿಕ್ಕಿನವ್ರು ಕೊಡೋದ್ರಲ್ಲಿ ಮಂಗಳೂರಲ್ಲಿ ಮೂರು ಜನ ಇರೋದು ಕಷ್ಟನೇ. ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಪ್ರಸನ್ನ ಅವ್ರ ಹತ್ರ, ನಿಮ್ಮಣ್ಣನ ಹತ್ರ ಕೇಳು…"

"ಇನ್ನೊಂದು ಹೇಳ್ಬಿಡ್ತೀನಿ, ಹೇಳೋ ದಿನಾನೇ ಆಯ್ತಲ್ಲ ಇವತ್ತು. ಸಂಕ್ರಾಂತಿಗೆ ನೀನು ಕಳಿಸಿದ ಶೂ… ಹೂಂ, ಕೆಂಪು ಶೂ… ಆಗ್ಲಿಲ್ಲ ಅವಳಿಗೆ. ಎರಡು ನಂಬರ್ ಚಿಕ್ಕದು. ನಾನು ಇಲ್ಲೇ ಅಂಗಡೀಲಿ ಅದೇ ಬಣ್ಣದ್ದು ಬೇರೆ ತಂದು ಹಾಕಿ ಫೋಟೋ ಕಳಿಸ್ದೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ… ಇಲ್ಲ, ಅದೂ ಪೂರ್ತಿ ನಿಜ ಅಲ್ಲ. ನಂಗೆ ಅವಳ ನಂಬರ್ ಗೊತ್ತು, ನಿಂಗೆ ಗೊತ್ತಿಲ್ಲ ಅಂತ ಒಳಗೊಳಗೇ ಸ್ವಲ್ಪ ಖುಷಿಯಾಗಿತ್ತು. ಪಾಪಿ ನಾನು…"

ರಸ್ತೆಯ ಕೊನೆಯಲ್ಲಿ ಸ್ಕೂಲ್ ಬಿಟ್ಟ ಗಲಾಟೆ ಕೇಳಿಸಿತು. ನೀಲಿ ಯೂನಿಫಾರಂನ ಗುಂಪೊಂದು ಬಸ್‌ಸ್ಟ್ಯಾಂಡ್ ಕಡೆ ಹರಿಯಿತು. ತನುಜಾ ಎದ್ದು ಬಾಗಿಲಿಗೆ ಬಂದು ನಿಂತಳು. ದಿನಾ ಇದೇ ಹೊತ್ತಿಗೆ ನಿಲ್ಲುತ್ತಿದ್ದಳು.

"ಅವಳ ಶೂ ಈಗ ಹನ್ನೆರಡು. ನಂಬರು ಹನ್ನೆರಡು. ಬರ್ಕೋ… ಬರ್ಕೊಂಡ್ಯಾ?…"

"ಎಂತ?… ಏನು ಕೇಳಿದೆ?… ಅವಳು ನಿನ್ನ ಕೇಳ್ತಾಳಾ ಅಂತನಾ?"

ಕೇಳ್ತಾಳೆ, ದಿನಾ ಕೇಳ್ತಾಳೆ ಅನ್ನುವ ಮಾತು ತನುಜಾಳ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ದಿನ ಹೇಳಿಕೊಂಡು ಬಂದದ್ದೂ ಅದನ್ನೇ.

"ಮೊದಲು ಕೇಳ್ತಿದ್ಲು… ಬಂದ ಹೊಸದ್ರಲ್ಲಿ. ರಾತ್ರಿ ಎದ್ದು ಕೂತು ಕೇಳ್ತಿದ್ಲು… ಈಗ… ಈಗ ಕಡಿಮೆ ಕಣೇ. ಕೇಳೋದೇ ಇಲ್ಲ ಅಂತಲ್ಲ. ನೀನು ಫೋನ್ ಮಾಡಿದ್ರೆ ಮಾತಾಡ್ತಾಳಲ್ಲ… ಮಾತಾಡು ಅಂದ್ರೆ ಮಾತಾಡ್ತಾಳೆ… ಅಳಬೇಡ್ವೇ. ಕ್ಲಿನಿಕ್ಕಲ್ಲಿದ್ದೀಯ, ಯಾರಾದ್ರೂ ನೋಡ್ತಾರೆ. ಸೌಂದರ್ಯ, ಕೇಳಿಲ್ಲಿ. ಜೂನ್ ಬೇಡ, ಪರೀಕ್ಷೆ ಮುಗಿದ ಮಾರನೇ ದಿನಾನೇ ಬಂದು ಕರ್ಕೊಂಡು ಹೋಗು. ನಾನು ಬಟ್ಟೆ ಎಲ್ಲ ಕಟ್ಟಿಟ್ಟಿರ್ತೀನಿ. ಇನ್ನೂ ತಡ ಮಾಡಿದ್ರೆ ನಾನು ಕೊಡಲ್ಲ ಅಂತೀನಿ, ಇವತ್ತು ಮನಸ್ಸಿದ್ದ ಹಾಗೆ ನಾಳೆ ಇರಲ್ಲ ನಂಗೆ…"

ಅಷ್ಟು ಹೇಳುವಷ್ಟರಲ್ಲಿ ಸಿಂಚನಾ ರಸ್ತೆ ದಾಟಿ ಬಂದಿದ್ದಳು. ಜಡೆಯ ಒಂದು ರಿಬ್ಬನ್ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಚೀಲವನ್ನು ಸ್ಟೂಲಿನ ಮೇಲೆ ಎಸೆದು, ಅತ್ತೆಯ ಮುಖವನ್ನೊಮ್ಮೆ, ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿದಳು.

"ಬಂದ್ಲು… ಬಂದ್ಲು ನೋಡು. ಇರು, ಕೊಡ್ತೀನಿ. ಐದು ಗಂಟೆ ಆಗೋದ್ರೊಳಗೆ ಒಂದ್ಸಲ ಅವಳ ಹತ್ರ ಮಾತಾಡಿಬಿಡು…"

ನಿಮ್ಮಮ್ಮ ಅಂತ ಹೇಳದೆಯೇ ಫೋನನ್ನು ಮಗುವಿನ ಕೈಗೆ ಹಿಡಿಸಿ, ಕಣ್ಣೊರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದಳು. ಸಿಂಚನಾ ಸ್ಕ್ರೀನ್ ಮೇಲಿನ ಗುರುತಿಲ್ಲದ ನಂಬರ್ ನೋಡಿದಳು. ಅತ್ತೆಗೆ ಕೈ ಬಿಡುವಿಲ್ಲದಾಗ ಗಿರಾಕಿಗಳ ಫೋನ್ ಎತ್ತುವುದು ಅವಳಿಗೆ ಹೊಸದಲ್ಲ. ನೆಟ್ಟಗೆ ನಿಂತು, ಅತ್ತೆ ಮಾತಾಡುವ ಧಾಟಿಯಲ್ಲೇ ಶುರು ಮಾಡಿದಳು.

"ಹಲೋ, ಏಕಾಂತಪ್ಪ ಕಾಫಿ ವರ್ಕ್ಸ್. ಯಾರು ಮಾತಾಡೋದು?… ಹಲೋ… ಎಷ್ಟು ಕೆಜಿ ಬೇಕಿತ್ತು?… ಹಲೋ, ಚಿಕೋರಿ ಎಷ್ಟು ಹಾಕ್ಬೇಕು ಹೇಳಿ…"

ತನುಜಾ ತಿರುಗಿ ಕೈ ಚಾಚುವಷ್ಟರಲ್ಲಿ ಸಿಂಚನಾ ಫೋನನ್ನು ಕಿವಿಯಿಂದ ತೆಗೆದಾಗಿತ್ತು.

"ಕಟ್ ಆಯ್ತು ಅತ್ತೆ. ಯಾರೋ ಅಳ್ತಾ ಇದ್ರು."